ಕಾಡು ನೋಡಬೇಕೆಂದರೆ ಒಂದೇ ಹೊಳೆ ಹಿಡಿಯಿರಿ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕಿ, ವಯಸ್ಸು 61. ಯಜಮಾನರಿಗೆ 66. ಥಾಯ್ಲೆಂಡ್, ಬಾಲಿ, ಶ್ರೀಲಂಕಾ ನೋಡಿಯಾಯಿತು, ಹೋದಲ್ಲೆಲ್ಲ ಜಾತ್ರೆ. ಪ್ರವಾಸಿಗರು ಹೆಚ್ಚು ಹೋಗದ ಉಷ್ಣವಲಯದ ದೇಶವೊಂದಕ್ಕೆ ಹೋಗಿ ಯಾರೂ ಮುಟ್ಟದ ಕಾಡು, ಹೊರಗಿನ ಗಾಳಿ ಸೋಕದ ಬುಡಕಟ್ಟು ಜನರನ್ನು ನೋಡುವ ಆಸೆ. ಮಡಗಾಸ್ಕರ್, ಪಪುವಾ ನ್ಯೂಗಿನಿ, ಸುರಿನಾಮ್ ಈ ಮೂರು ಹೆಸರು ತಲೆಯಲ್ಲಿವೆ. 25 ದಿನ ಸಮಯವಿದೆ. ನಾವು ಸಸ್ಯಾಹಾರಿಗಳು. ಯಜಮಾನರಿಗೆ ಮೊಣಕಾಲು ನೋವು. ಯಾವ ದೇಶ ಸೂಕ್ತ? ಅಲ್ಲಿನ ಜನರಿಗೆ ಏನಾದರೂ ಉಡುಗೊರೆ ಒಯ್ಯಬೇಕೆ?

ಉತ್ತರ: ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ. ಜೊತೆಗೆ ಪಕ್ಕದ ಗಯಾನಾವನ್ನೂ ಸೇರಿಸಿಕೊಳ್ಳಿ. ನೀವು ಸಾಗರದವರು ಎಂದು ತಿಳಿದ ಮೇಲೆ ನನಗೆ ಎರಡನೆಯ ಯೋಚನೆಯೇ ಬರಲಿಲ್ಲ. ಏಕೆಂದು ಆಮೇಲೆ ಹೇಳುತ್ತೇನೆ.

ಉಳಿದೆರಡನ್ನು ಬೇಗ ಮುಗಿಸಿಬಿಡೋಣ. ಪ್ರಾಣಿಗಳೇ ಮುಖ್ಯವಾಗಿದ್ದರೆ ಮಡಗಾಸ್ಕರ್‌ಗೆ ಸಾಟಿಯಿಲ್ಲ. ನೂರಕ್ಕೂ ಹೆಚ್ಚು ಬಗೆಯ ಲೀಮರ್‌ಗಳ ಮೂಲ ನೆಲೆ ಆ ದ್ವೀಪವೊಂದೇ. ಆಂಡಾಸಿಬೆಯ ಕಾಡಿನಲ್ಲಿ ಬೆಳಗಿನ ಹೊತ್ತು ಇಂಡ್ರಿ ಲೀಮರ್ ಕೂಗುವುದನ್ನು ಕೇಳಿದವರು ಮರೆಯುವುದಿಲ್ಲ. ಆದರೆ ಅಲ್ಲಿನ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ದಿನಗಟ್ಟಲೆ ಹದಗೆಟ್ಟ ರಸ್ತೆಯಲ್ಲಿ ಕುಲುಕಬೇಕು. ಮೊಣಕಾಲಿಗೂ ಸೊಂಟಕ್ಕೂ ಅದು ಶಿಕ್ಷೆ. ಪಪುವಾ ನ್ಯೂಗಿನಿಯಲ್ಲಿ 800ಕ್ಕೂ ಮಿಕ್ಕಿದ ಭಾಷೆಗಳಿವೆ, ಸ್ವರ್ಗಪಕ್ಷಿಗಳಿವೆ. ಆದರೆ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಒಳಗಿನ ಬೆಟ್ಟಸೀಮೆಗೆ ರಸ್ತೆಯೇ ಇಲ್ಲ; ಪ್ರತಿ ಹೆಜ್ಜೆಗೂ ವಿಮಾನ ಹತ್ತಬೇಕು, ದುಡ್ಡು ನೀರಾಗುತ್ತದೆ. ಸಸ್ಯಾಹಾರಿಗಳಿಗೆ ಅನ್ನ, ಗೆಣಸು, ಮತ್ತೆ ಗೆಣಸು.

ಈಗ ನಿಮ್ಮ ಪತ್ರದ ಎರಡು ಮಾತುಗಳ ಬಗ್ಗೆ ಜಗಳ ಆಡಬೇಕಿದೆ. ‘ಯಾರೂ ಮುಟ್ಟದ ಕಾಡು’, ‘ಹೊರಗಿನ ಗಾಳಿ ಸೋಕದ ಜನ’. ಇಪ್ಪತ್ತು ವರ್ಷಗಳಿಂದ ಉಷ್ಣವಲಯದ ಕಾಡುಗಳಿಗೆ ಸಣ್ಣ ಗುಂಪುಗಳನ್ನು ಕರೆದೊಯ್ಯುತ್ತಿದ್ದೇನೆ. ಇವೆರಡನ್ನೂ ಹುಡುಕಿಕೊಂಡು ಹೊರಟವರು ಸಾಮಾನ್ಯವಾಗಿ ಮುಖ ಸಣ್ಣದು ಮಾಡಿಕೊಂಡು ಮರಳುತ್ತಾರೆ. ಸುರಿನಾಮ್‌ನ ನೂರರಲ್ಲಿ 93 ಭಾಗ ಇಂದಿಗೂ ಕಾಡು. ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕ ದೇಶ, ಜನ ಮಾತ್ರ ಸುಮಾರು 6 ಲಕ್ಷ. ಅಷ್ಟಿದ್ದರೂ ಅಲ್ಲಿನ ಕಾಡೂ ಜನರೂ ಇತಿಹಾಸದ ಏಟು ತಿಂದವರೇ. ಅಲ್ಲಿ ನೋಡಬೇಕಾದದ್ದು ಏಟು ತಿಂದ ಮೇಲೆ ಅವರು ಕಟ್ಟಿಕೊಂಡ ಬದುಕನ್ನು.

ಡಚ್ಚರು ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತಂದರು. ಕೆಲವರು ತೋಟ ಬಿಟ್ಟು ಓಡಿ, ಹೊಳೆಗಳ ಗುಂಟ ಕಾಡಿನೊಳಕ್ಕೆ ಸೇರಿ, ಹಳ್ಳಿ ಕಟ್ಟಿಕೊಂಡು ಸೈನ್ಯದೊಂದಿಗೆ ಕಾದಾಡಿದರು. ಸೋಲಿಸಲಾಗದ ಡಚ್ಚರು 1760ರಲ್ಲಿ ಎನ್ಡ್ಯೂಕಾ ಜನರೊಂದಿಗೆ, 1762ರಲ್ಲಿ ಸರಮಾಕಾ ಜನರೊಂದಿಗೆ ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯವನ್ನು ಒಪ್ಪಬೇಕಾಯಿತು. ಗುಲಾಮಗಿರಿ ಕಾನೂನುಬದ್ಧವಾಗಿ ರದ್ದಾದದ್ದು 1863ರಲ್ಲಿ. ಅಂದರೆ ಅದಕ್ಕೆ ನೂರು ವರ್ಷ ಮೊದಲೇ ಇವರು ಸ್ವತಂತ್ರರು. ಇವರನ್ನು ಮರೂನ್ ಎನ್ನುತ್ತಾರೆ. ರದ್ದಾದ ಮೇಲೂ ಬಿಡುಗಡೆಯಾದ ಗುಲಾಮರು ಹತ್ತು ವರ್ಷ ಸರ್ಕಾರದ ಉಸ್ತುವಾರಿಯಲ್ಲಿ ತೋಟದಲ್ಲೇ ದುಡಿಯಬೇಕೆಂಬ ಕಟ್ಟಳೆ ಇತ್ತು. ಆ ಹತ್ತು ವರ್ಷ ಮುಗಿದದ್ದು 1873ರಲ್ಲಿ. ಕಲ್ಕತ್ತೆಯಿಂದ ಹೊರಟ ‘ಲಾಲಾ ರೂಖ್’ ಹಡಗು ಸುಮಾರು 400 ಭಾರತೀಯ ಕೂಲಿಗಳನ್ನು ಅದೇ ವರ್ಷ ಜೂನ್ 5ರಂದು ರಾಜಧಾನಿ ಪಾರಮಾರಿಬೊದ ಬಂದರಿಗೆ ತಂದಿತು. ಲೆಕ್ಕ ಅಷ್ಟು ಸರಿಯಾಗಿ ಕೂಡಿಬರುತ್ತದೆ. 1916ರವರೆಗೆ ಒಟ್ಟು 34,000ಕ್ಕೂ ಹೆಚ್ಚು ಜನ ಬಂದರು, ಬಹುಪಾಲು ಇಂದಿನ ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದ ಕಡೆಯವರು. ‘ಶ್ರೀರಾಮನ ದೇಶಕ್ಕೆ ಕರೆದೊಯ್ಯುತ್ತೇವೆ’ ಎಂದು ದಲ್ಲಾಳಿಗಳು ನಂಬಿಸಿದರೆಂಬ ಕಥೆಯನ್ನು ಅಲ್ಲಿ ಈಗಲೂ ನಗುತ್ತಾ ಹೇಳುತ್ತಾರೆ. 1890ರಿಂದ ಜಾವಾದವರು ಬಂದರು. ಇವರೆಲ್ಲರಿಗಿಂತ ಮೊದಲಿದ್ದ ಮೂಲನಿವಾಸಿಗಳು ಇದ್ದೇ ಇದ್ದಾರೆ.

ಹೀಗಾಗಿ ಪಾರಮಾರಿಬೊದಲ್ಲಿ ನಾಲ್ಕು ದಿನ ಇರಿ. ಒಂದು ದಿನ ಸಾಕು ಎನ್ನುವ ಪ್ರವಾಸ ಏಜೆಂಟರ ಮಾತು ಕೇಳಬೇಡಿ. ಬಿಳಿ ಬಣ್ಣ ಬಳಿದ ಮರದ ಮನೆಗಳ ಹಳೆಯ ಪೇಟೆ 2002ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೈಸರ್‌ಸ್ಟ್ರಾಟ್ ಎಂಬ ಬೀದಿಯಲ್ಲಿ ಮಸೀದಿ ಮತ್ತು ಯಹೂದಿಗಳ ಸಿನಗಾಗ್ ಅಕ್ಕಪಕ್ಕ ನಿಂತಿವೆ. ಸಿನಗಾಗ್‌ನೊಳಗೆ ನೆಲಕ್ಕೆ ಹಾಸುಗಲ್ಲಿಲ್ಲ, ಬಿಳಿ ಮರಳು ಹರಡಿದ್ದಾರೆ. ಭಾನುವಾರ ಬೆಳಿಗ್ಗೆ ಸ್ವಾತಂತ್ರ್ಯ ಚೌಕಕ್ಕೆ ಹೋದರೆ ಗಂಡಸರು ಚಿಕ್ಕ ಪಂಜರಗಳಲ್ಲಿ ಹಾಡುಹಕ್ಕಿಗಳನ್ನು ತಂದು ಎದುರುಬದುರು ಇಟ್ಟು, ಯಾವುದು ಹೆಚ್ಚು ಸಲ ಕೂಗಿತೆಂದು ಗೆರೆ ಎಳೆದು ಎಣಿಸುತ್ತಿರುತ್ತಾರೆ. ಪಂಜರದ ಹಕ್ಕಿ ನನಗೆ ಸೇರುವುದಿಲ್ಲ, ಆದರೂ ಆ ಎಣಿಕೆಯ ಗಾಂಭೀರ್ಯ ನೋಡುವಂಥದ್ದು. ಆಫ್ರಿಕಾ ಮೂಲದ ಹೆಂಗಸರು ಹಬ್ಬಕ್ಕೆ ತಲೆಗೆ ಕಟ್ಟುವ ‘ಆಂಗಿಸ’ ಎಂಬ ಗಂಜಿ ಹಾಕಿದ ಬಟ್ಟೆಯನ್ನೂ ಗಮನಿಸಿ. ಅದನ್ನು ಮಡಿಸುವ ಒಂದೊಂದು ಬಗೆಗೂ ಒಂದೊಂದು ಅರ್ಥ. ಒಂದು ಮಡಿಕೆಯ ಹೆಸರೇ ‘ಆಡಿಕೊಳ್ಳುವವರು ಆಡಿಕೊಳ್ಳಲಿ’ ಎಂದು.

ಊಟದ ಚಿಂತೆ ಬಿಡಿ. ಭಾರತ ಮೂಲದ ಹಿಂದೂಸ್ತಾನಿಗಳ ಅಂಗಡಿಯಲ್ಲಿ ರೊಟ್ಟಿ, ಆಲೂಗಡ್ಡೆ, ಮೊಳದುದ್ದದ ಅಲಸಂದೆ ಕಾಯಿಯ ಪಲ್ಯ, ಕುಂಬಳಕಾಯಿ ಸಿಗುತ್ತವೆ. ‘ಬಾರಾ’ ಎಂಬುದನ್ನು ತಪ್ಪದೇ ತಿನ್ನಿ. ಉದ್ದಿನ ಹಿಟ್ಟಿಗೆ ಕೆಸುವಿನ ಬಳಗದ ‘ತಾಯರ್’ ಸೊಪ್ಪನ್ನು ಹೆಚ್ಚಿ ಹಾಕಿ ಕರಿದ ವಡೆ ಅದು. ಪತ್ರೊಡೆ ತಿಂದು ಬೆಳೆದ ನಾಲಿಗೆಗೆ ಪರಿಚಯ ಮಾಡಿಸಬೇಕಾಗಿಲ್ಲ. ಜಾವಾದವರ ಅಂಗಡಿಯಲ್ಲಿ ಹುದುಗಿಸಿದ ಸೋಯಾದ ಟೆಂಪೆ, ಕಡಲೆಕಾಯಿ ಗೊಜ್ಜು, ಕರಿದ ಮರಗೆಣಸು. ಆದರೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಕೋಳಿ ಅಥವಾ ಮೀನು ಬಂದೀತು. ಮಾಂಸ, ಕೋಳಿ, ಮೀನು, ಒಣಸೀಗಡಿ ಯಾವುದೂ ಬೇಡ ಎಂದು ಪಟ್ಟಿ ಒಪ್ಪಿಸಬೇಕು. ಹಿಂದೂಸ್ತಾನಿಗಳ ಮನೆಮಾತು ಸರ್ನಾಮಿ; ಅದು ಭೋಜಪುರಿ, ಅವಧಿಗಳು ಕೂಡಿ ಆದದ್ದು. ನಿಮಗೆ ಹಿಂದಿ ಬರುವುದಾದರೆ ಅರ್ಧ ತಿಳಿಯುತ್ತದೆ. ಸಂಜೆ ಎಲ್ಲಾದರೂ ‘ಬೈಠಕ್ ಗಾನ’ ಇದೆಯೇ ವಿಚಾರಿಸಿ: ಹಾರ್ಮೋನಿಯಂ, ಢೋಲಕ್, ಉದ್ದನೆಯ ಕಬ್ಬಿಣದ ಸರಳಿಗೆ ಕುದುರೆಲಾಳದಂಥ ಕಬ್ಬಿಣದಿಂದ ಬಾರಿಸುವ ‘ದಂತಾಲ್’. ಇಷ್ಟೇ ವಾದ್ಯ, ರಾತ್ರಿಯಿಡೀ ನಡೆಯುತ್ತದೆ. ಒಂದು ಮಾತು. ಅವರನ್ನು ಕಂಡೊಡನೆ ‘ನಮ್ಮವರು’ ಎಂದು ತಬ್ಬಿಕೊಳ್ಳುವ ಉತ್ಸಾಹ ಸ್ವಲ್ಪ ತಡೆಯಿರಿ. ಐದಾರು ತಲೆಮಾರಿನಿಂದ ಅವರು ಸುರಿನಾಮಿಗಳು. ನಿಮ್ಮನ್ನು ಅವರು ಆದರಿಸುವುದು ದೂರದ ನೆಂಟರಂತೆ, ಮನೆಯ ಯಜಮಾನರಂತೆ ಅಲ್ಲ.

ಇನ್ನು ಕಾಡು. ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡು ವಾರದಲ್ಲಿ ಮೂರು ಅಭಯಾರಣ್ಯ, ಎರಡು ಹೊಳೆ, ಒಂದು ಕಡಲತೀರ ಎಂದು ಪಟ್ಟಿ ಹಾಕಿಕೊಂಡು ಹೋದೆ. ಎಲ್ಲವನ್ನೂ ಮುಟ್ಟಿದೆ, ಯಾವುದನ್ನೂ ನೋಡಲಿಲ್ಲ. ದೋಣಿ ಕೆಟ್ಟು ಒಂದು ಹಳ್ಳಿಯಲ್ಲಿ ಎರಡು ದಿನ ಸಿಕ್ಕಿಬಿದ್ದೆನಲ್ಲ, ಆ ಪ್ರವಾಸದಲ್ಲಿ ನೆನಪಿರುವುದು ಆ ಎರಡು ದಿನ ಮಾತ್ರ. ಅಂದಿನಿಂದ ನನ್ನ ಸಲಹೆ ಒಂದೇ: ಒಂದು ಹೊಳೆ ಹಿಡಿಯಿರಿ, ಒಂದು ಹಳ್ಳಿಯಲ್ಲಿ ಐದು ರಾತ್ರಿ ಕಳೆಯಿರಿ.

ನಿಮಗೆ ಸುರಿನಾಮ್ ನದಿಯ ಮೇಲ್ದಂಡೆಯೇ ಸರಿ. ಪಾರಮಾರಿಬೊದಿಂದ ಮೂರೂವರೆ ಗಂಟೆ ರಸ್ತೆಯಲ್ಲಿ ಹೋದರೆ ಅಟ್ಜೋನಿ ಎಂಬಲ್ಲಿ ರಸ್ತೆ ಮುಗಿಯುತ್ತದೆ, ಹೊಳೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಮರದ ದಿಮ್ಮಿ ಕೊರೆದು ಮಾಡಿದ, ಹಿಂದೆ ಎಂಜಿನ್ ಕಟ್ಟಿದ ಉದ್ದನೆಯ ದೋಣಿಗಳೇ ಬಸ್ಸು, ಲಾರಿ, ಶಾಲಾವಾಹನ ಎಲ್ಲ. ಸಿಗಂದೂರಿನ ದಾರಿಯಲ್ಲಿ ಹೊಳೆಬಾಗಿಲಿನ ಲಾಂಚ್ ಹತ್ತಿದ ನಿಮಗೆ ದಡದ ಗಡಿಬಿಡಿ ಹೊಸದೆನಿಸುವುದಿಲ್ಲ: ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಕೋಳಿ, ಅಳುವ ಮಗು, ಎಲ್ಲದರ ನಡುವೆ ಜಾಗ ಮಾಡಿಕೊಡುವ ಹೆಂಗಸರು. ಗುನ್ಸಿ, ಬೊಟೊಪಾಸಿ, ಪಿಕಿನ್ ಸ್ಲೀ ಮುಂತಾದ ಸರಮಾಕಾ ಹಳ್ಳಿಗಳು ದಡದ ಮೇಲಿವೆ. ಪಿಕಿನ್ ಸ್ಲೀಯಲ್ಲಿ ಆ ಜನರೇ ಕಟ್ಟಿದ ವಸ್ತುಸಂಗ್ರಹಾಲಯ ಇದೆ; ಕೆತ್ತನೆಯ ಹುಟ್ಟು, ಮಣೆ, ಬಾಗಿಲುಗಳನ್ನು ನೋಡಲು ಒಂದು ಬೆಳಗ್ಗೆ ಇಡಿ.

ಇಲ್ಲಿಗೆ ಬಂದಾಗ ‘ಬುಡಕಟ್ಟು ಜನರನ್ನು ನೋಡುವುದು’ ಎಂಬ ನಿಮ್ಮ ಮಾತು ತಾನಾಗಿಯೇ ಉದುರಿಹೋಗುತ್ತದೆ, ಏಕೆಂದರೆ ಹಳ್ಳಿಯಲ್ಲಿ ನೋಡುವವರು ಅವರು, ನೋಡಿಸಿಕೊಳ್ಳುವವರು ನೀವು. ಬೆಳಗ್ಗೆ ಎದುರಾದಾಗ ಆಡುವ ಮೊದಲ ಮಾತಿನ ಅರ್ಥವೇ ‘ಎದ್ದಿರಾ?’ ಎಂದು. ಅದಕ್ಕೆ ‘ಎದ್ದೆವು’ ಎನ್ನದೆ ದಾಟಿಹೋದರೆ ಮಲೆನಾಡಿನ ಊರಲ್ಲಿ ಆದಷ್ಟೇ ಬೇಸರ ಅಲ್ಲಿಯೂ ಆಗುತ್ತದೆ. ಹಳ್ಳಿಯ ಬಾಗಿಲಲ್ಲಿ ತಾಳೆಗರಿ ಸೀಳಿ ತೋರಣದಂತೆ ಇಳಿಬಿಟ್ಟಿರುತ್ತಾರೆ; ಕೆಟ್ಟದ್ದು ಒಳಗೆ ಬಾರದಿರಲೆಂದು. ಅದರ ಕೆಳಗೆ ಬಗ್ಗಿ ಹೋಗಬೇಕು, ಪಕ್ಕದಿಂದ ನುಸುಳಬಾರದು. ತೀರಿಹೋದ ಹಿರಿಯರಿಗೆ ನೀರು, ಹೆಂಡ ಎರೆಯುವ ಸ್ಥಳಗಳಿರುತ್ತವೆ, ಅಲ್ಲಿ ಫೋಟೊ ಬೇಡ. ಮನುಷ್ಯರ ಫೋಟೊ ಕೇಳದೆ ಬೇಡವೇ ಬೇಡ. ಊರ ಮುಖಂಡನನ್ನು ‘ಕಪಿತೇನಿ’ ಎನ್ನುತ್ತಾರೆ, ಇಡೀ ಸರಮಾಕಾ ಜನಕ್ಕೆ ಒಬ್ಬ ‘ಗ್ರಾನ್‌ಮನ್’. ಬಂದೊಡನೆ ಕಪಿತೇನಿಯನ್ನು ಕಂಡು ಬರುವುದು ರೂಢಿ. ಈ ಜನ ತಮ್ಮ ನೆಲಕ್ಕಾಗಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದವರು. 2007ರಲ್ಲಿ ತೀರ್ಪು ಅವರ ಪರವಾಗಿ ಬಂತು: ಅವರನ್ನು ಕೇಳದೆ ಅವರ ಕಾಡಿನಲ್ಲಿ ಮರ ಕಡಿಯಲು, ಗಣಿ ತೋಡಲು ಪರವಾನಗಿ ಕೊಡುವಂತಿಲ್ಲ ಎಂದು. ತೀರ್ಪು ಕಾಗದದಿಂದ ನೆಲಕ್ಕೆ ಇಳಿಯಲು ಅವರು ಇನ್ನೂ ಹೆಣಗುತ್ತಿದ್ದಾರೆ. ಉಳಿದುಕೊಳ್ಳಲು ಹಳ್ಳಿಯವರೇ ನಡೆಸುವ ವಸತಿಯನ್ನೇ ಆರಿಸಿ. ದುಡ್ಡು ಯಾರ ಕೈಸೇರುತ್ತದೆ ಎಂದು ಬುಕ್ ಮಾಡುವ ಮೊದಲೇ ಕೇಳಲು ಸಂಕೋಚ ಬೇಡ.

ಸಾಗರದವರು ಎಂದು ನಾನು ಯಾಕೆ ಹಿಡಿದುಕೊಂಡೆ ಎಂದು ಈಗ ಹೇಳುತ್ತೇನೆ. ಅಟ್ಜೋನಿಗೆ ಹೋಗುವ ದಾರಿಯಲ್ಲಿ ಬ್ರೊಕೊಪೊಂಡೊ ಜಲಾಶಯದ ಸೀಮೆ ಸಿಗುತ್ತದೆ. ಸುರಿನಾಮ್ ನದಿಗೆ ಅಫೊಬಾಕ ಎಂಬಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದು 1964ರಲ್ಲಿ. ನಿಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ವರ್ಷವೇ. ಅಲ್ಲಿ ಮುಳುಗಿದ್ದು ಸುಮಾರು 1,500 ಚದರ ಕಿಲೋಮೀಟರ್, ಸರಮಾಕಾ ನೆಲದ ಹತ್ತಿರಹತ್ತಿರ ಅರ್ಧ. ಸುಮಾರು 6,000 ಜನ ಹಳ್ಳಿ ಬಿಟ್ಟು ಸರ್ಕಾರ ಸಾಲಾಗಿ ಕಟ್ಟಿಕೊಟ್ಟ ಮನೆಗಳಿಗೆ ಹೋದರು. ವಿದ್ಯುತ್ತಿನ ಬಹುಪಾಲು ಅಲ್ಯೂಮಿನಿಯಂ ಕಾರ್ಖಾನೆಗೆ ಹೋಯಿತು; ಮೇಲ್ದಂಡೆಯ ಹಳ್ಳಿಗಳಲ್ಲಿ ದಶಕಗಳ ಕಾಲ ಸಂಜೆ ಒಂದಷ್ಟು ಹೊತ್ತು ಡೀಸೆಲ್ ಜನರೇಟರ್ ಉರಿದರೆ ಅದೇ ಬೆಳಕು. ನೀರು ಏರುತ್ತಿದ್ದಾಗ ಮರದ ತುದಿಗಳಲ್ಲಿ, ನಡುಗಡ್ಡೆಗಳಲ್ಲಿ ಸಿಕ್ಕಿಕೊಂಡ ಸುಮಾರು ಹತ್ತು ಸಾವಿರ ಪ್ರಾಣಿಗಳನ್ನು ಹಿಡಿದು ದಡ ಸೇರಿಸುವ ದೊಡ್ಡ ಕಾರ್ಯಾಚರಣೆ ನಡೆಯಿತು, ಹೊರಜಗತ್ತಿನ ಪತ್ರಿಕೆಗಳಲ್ಲಿ ಅದು ಸುದ್ದಿಯಾಯಿತು. ಮನುಷ್ಯರ ಸುದ್ದಿ ಅಷ್ಟಾಗಿ ಆಗಲಿಲ್ಲ. ಕಾಡು ಕಡಿಯದೆ ಮುಳುಗಿಸಿದ್ದರಿಂದ ಆ ಕೆರೆಯಲ್ಲಿ ಇಂದಿಗೂ ಸಾವಿರಾರು ಒಣಮರಗಳು ಬೆಳ್ಳಗೆ ನಿಂತಿವೆ. ಬೇರೆ ಪ್ರವಾಸಿಗರು ಅದನ್ನು ಸೂರ್ಯಾಸ್ತದ ಫೋಟೊ ಎಂದು ತೆಗೆಯುತ್ತಾರೆ. ಶರಾವತಿ ಮುಳುಗಡೆಯವರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುವುದನ್ನು ಕಂಡ ನಿಮಗೆ ಅದು ಬೇರೆಯದೇ ಆಗಿ ಕಂಡೀತು.

ಪ್ರಾಣಿಗಳ ಬಗ್ಗೆ ಮುಂಚೆಯೇ ಎಚ್ಚರಿಸುತ್ತೇನೆ. ಕಬಿನಿಯಲ್ಲಿ ಒಂದು ಸಂಜೆ ಆನೆ, ಕಾಟಿ, ಜಿಂಕೆಗಳನ್ನು ಹಿಂಡುಹಿಂಡಾಗಿ ಕಂಡ ಕಣ್ಣಿಗೆ ಅಮೆಜಾನ್ ಸೀಮೆಯ ಕಾಡು ಖಾಲಿ ಎನಿಸುತ್ತದೆ. ಸುರಿನಾಮ್, ಗಯಾನಾಗಳ ನೆಲದಡಿಯ ಬಂಡೆ ಇನ್ನೂರು ಕೋಟಿ ವರ್ಷದಷ್ಟು ಹಳೆಯದು. ಮಳೆ ಅದರ ಸತ್ವವನ್ನೆಲ್ಲ ಯಾವತ್ತೋ ತೊಳೆದು ಒಯ್ದಿದೆ. ಮಣ್ಣು ಬಡವಾಗಿರುವುದರಿಂದ ಕಾಡು ತನ್ನದೇ ಉದುರೆಲೆಯನ್ನು ತಾನೇ ತಿಂದು ಬದುಕುತ್ತದೆ. ನೆಲದ ಮೇಲೆ ಹುಲ್ಲಿಲ್ಲ, ಹುಲ್ಲು ಮೇಯುವ ಹಿಂಡುಗಳೂ ಇಲ್ಲ. ಜೀವವೆಲ್ಲ ಮೇಲಿನ ಹಂದರದಲ್ಲಿ. ಜಾಗ್ವಾರ್ ಇದೆ, ಕಾಣಿಸುವುದಿಲ್ಲ. ಹೀಗಾಗಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ನಸುಕಿನಲ್ಲಿ ದೂರದಿಂದ ಬಿರುಗಾಳಿ ಬಂದಂತೆ ಕೇಳಿದರೆ ಅದು ಹೌಲರ್ ಕೋತಿಗಳ ಕೂಗು. ಯಾರೋ ಸಿಳ್ಳೆ ಹಾಕಿ ಕರೆದಂತೆ ಹಗಲೆಲ್ಲ ಕೇಳಿದರೆ ಅದು ಪಿಹಾ ಎಂಬ ಬೂದುಬಣ್ಣದ ಹಕ್ಕಿ. ಕೂಗಿನಷ್ಟು ದೊಡ್ಡದೇನೂ ಅಲ್ಲ. ಎಲೆ ಕತ್ತರಿಸಿ ಹೊತ್ತು ಸಾಲಾಗಿ ಸಾಗುವ ಇರುವೆಗಳ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಲು ಬಂದರೆ ನಿಮಗೆ ಆ ಕಾಡು ಒಲಿಯಿತು ಎಂದೇ ಲೆಕ್ಕ.

ಮಲೆನಾಡಿನವರಿಗೆ ಸಿಹಿಸುದ್ದಿ: ಮಳೆಗಾಲದಲ್ಲಿ ಕಾಲಿಗೆ ಮುತ್ತುವ ನಮ್ಮ ಇಂಬಳದ ಕಾಟ ಅಲ್ಲಿ ಇಲ್ಲ. ಬದಲಿಗೆ ಹುಲ್ಲಿನಲ್ಲಿ ಕಣ್ಣಿಗೆ ಕಾಣದ ಕೆಂಪು ನುಸಿ ಇದೆ. ಸೊಂಟದ ಪಟ್ಟಿಯ ಸುತ್ತ ಕಡಿದು ವಾರಗಟ್ಟಲೆ ತುರಿಸುತ್ತದೆ. ಮುಸ್ಸಂಜೆಗೆ ಕಚ್ಚುವ ಮರಳುನೊಣ ಚರ್ಮದ ಮೇಲೆ ಬೇಗ ಮಾಯದ ಹುಣ್ಣಿನ ರೋಗ ಹರಡಬಲ್ಲದು. ಸಂಜೆ ಐದರ ನಂತರ ತುಂಬುತೋಳು, ಕಾಲುಚೀಲ. ಕೈಯಾಡಿಸುವ ಮುನ್ನ ಮರದ ಕಾಂಡ ನೋಡಿ. ಅಂಗುಲದಷ್ಟುದ್ದದ ‘ಬುಲೆಟ್ ಇರುವೆ’ ಕಚ್ಚಿದರೆ ಒಂದು ದಿನ ಬೇರೆ ಯೋಚನೆ ಬರುವುದಿಲ್ಲ. ಮಲಗಲು ಕೆಲವೆಡೆ ಜೋಲಿ ಕೊಡುತ್ತಾರೆ. ಬಾಳೆಹಣ್ಣಿನಂತೆ ಬೆನ್ನು ಬಾಗಿಸಿ ಮಲಗಿದರೆ ಬೆಳಿಗ್ಗೆ ಏಳಲಾಗದು. ಓರೆಯಾಗಿ, ಮೂಲೆಯಿಂದ ಮೂಲೆಗೆ ಮಲಗಿ, ಬೆನ್ನು ಚಪ್ಪಟೆಯಾಗುತ್ತದೆ. ಯಜಮಾನರಿಗೆ ಮಾತ್ರ ಮಂಚವೇ ಇರುವ ವಸತಿ ಕೇಳಿ. ದೋಣಿ ಹತ್ತಿಳಿಯುವುದೇ ಅವರಿಗೆ ಸಾಕಷ್ಟು ಕಸರತ್ತು, ಒಂದು ಊರುಗೋಲು ಇರಲಿ. ಮಧ್ಯ ಸುರಿನಾಮ್‌ನ 16 ಲಕ್ಷ ಹೆಕ್ಟೇರಿನ ಅಭಯಾರಣ್ಯ ಮತ್ತು ಅಲ್ಲಿನ ವೋಲ್ಟ್ಸ್‌ಬರ್ಗ್ ಬಂಡೆ ಎಲ್ಲರೂ ಹೇಳುವ ಜಾಗ, ಆದರೆ ಆ ಬಂಡೆ ಏರುವುದು ಅವರ ಮೊಣಕಾಲಿಗೆ ಆಗದು. ಬಿಟ್ಟುಬಿಡಿ, ಕೊರಗಬೇಡಿ.

ಐದು ರಾತ್ರಿ ಮುಗಿಸಿ ಪಾರಮಾರಿಬೊಗೆ ಮರಳಿ, ಒಂದು ದಿನ ಬಟ್ಟೆ ಒಗೆದು, ಪಶ್ಚಿಮಕ್ಕೆ ನಿಕೇರಿಗೆ ಹೊರಡಿ. ಗದ್ದೆಗಳ ಸೀಮೆ ಅದು, ಕಣ್ಣಿಗೆ ಬೀಳುವುದೆಲ್ಲ ಭತ್ತ. ಅಲ್ಲಿಂದ ಕೊರಂಟೈನ್ ನದಿ ದಾಟಲು ದೋಣಿ ಇದೆ. ದಿನಕ್ಕೆ ಒಂದೆರಡು ಸಲ ಮಾತ್ರ, ಹೊತ್ತು ಮೊದಲೇ ವಿಚಾರಿಸಿ. ಆಚೆ ದಡ ಗಯಾನಾ. ಆಡಳಿತ ಭಾಷೆ ಇಂಗ್ಲಿಷ್, ನಿಮ್ಮ ನಾಲಿಗೆ ಸಡಿಲವಾಗುತ್ತದೆ.

ಗಯಾನಾಕ್ಕೆ ಭಾರತೀಯರು ಬಂದದ್ದು ಇನ್ನೂ ಮುಂಚೆ, 1838ರಲ್ಲಿ. ಸುರಿನಾಮ್‌ಗೆ ಬಂದವರು ಕಲ್ಕತ್ತೆಯಿಂದ. ಇಲ್ಲಿಗೆ ಮದರಾಸಿನಿಂದಲೂ ಹಡಗುಗಳು ಬಂದವು. ದಕ್ಷಿಣದ ಆ ಜನರ ಪೂಜೆ ಬರ್ಬೀಸ್ ಸೀಮೆಯಲ್ಲಿ ಉಳಿದುಕೊಂಡಿದೆ. ಕಾಳಿ ಮಾಯಿ ಗುಡಿಗಳಲ್ಲಿ ಮಾರಿಯಮ್ಮ, ಮಧುರೈ ವೀರನ್, ಮುನೀಶ್ವರನ್! ಬೆಂಗಳೂರಿನ ಬಡಾವಣೆಗಳಿಗೆ ಹೆಸರು ಕೊಟ್ಟ ಮುನೇಶ್ವರ ದಕ್ಷಿಣ ಅಮೆರಿಕದ ಕಬ್ಬಿನ ಗದ್ದೆಗಳ ನಡುವೆ ಕುಳಿತಿರುವುದನ್ನು ಕಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಬಾರಿಸುವ ವಾದ್ಯದ ಹೆಸರು ‘ತಪ್ಪು’. ಬೆಂಕಿಗೆ ಕಾಯಿಸಿ ಹದ ಮಾಡಿಕೊಳ್ಳುತ್ತಾರೆ, ನಮ್ಮ ತಮಟೆಯಂತೆಯೇ. ಮೈಮೇಲೆ ಬರುವುದು, ಬೇವಿನ ಸೊಪ್ಪು, ಅರಿಶಿನ ನೀರು ಎಲ್ಲ ಉಂಟು. ಹೊರಗಿನ ಗಾಳಿ ಸೋಕದ ಸಂಸ್ಕೃತಿ ಬೇಕು ಎಂದಿದ್ದಿರಿ; ಇಲ್ಲಿ ನಿಮ್ಮೂರ ಗಾಳಿಯೇ ಬೀಸುತ್ತಿದೆ. ಯಾರಾದರೂ ಮದುವೆಗೆ ಕರೆದರೆ ಹೋಗಿ. ನೈದಿಲೆಯ ಅಗಲ ಎಲೆಯ ಮೇಲೆ ಅನ್ನ, ಅದರ ಸುತ್ತ ಏಳು ಬಗೆಯ ಪಲ್ಯ ಬಡಿಸುತ್ತಾರೆ. ಪೂರ್ತಿ ಸಸ್ಯಾಹಾರ, ಕೈಯಲ್ಲೇ ಊಟ.

ಗಯಾನಾದ ರಾಜಧಾನಿ ಜಾರ್ಜ್‌ಟೌನ್ ನಗರದಲ್ಲಿ ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಟ್ಯಾಕ್ಸಿ ಹಿಡಿಯಿರಿ. ಸ್ಟಾಬ್ರೋಕ್ ಮಾರುಕಟ್ಟೆಗೆ ಸರ, ಬಳೆ ತೊಟ್ಟು ಹೋಗುವುದು ಬೇಡ. 2019ರ ಕೊನೆಯಲ್ಲಿ ಕಡಲಿನಿಂದ ತೈಲ ತೆಗೆಯಲಾರಂಭಿಸಿದ ಮೇಲೆ ಅಲ್ಲಿನ ಹೋಟೆಲ್ ದರ ಆಕಾಶಕ್ಕೇರಿದೆ. ಹೀಗಾಗಿ ನಗರದಲ್ಲಿ ಮೂರೇ ದಿನ, ಅದೂ ಕೈಟೂರ್ ಜಲಪಾತಕ್ಕಾಗಿ. ಊರಿನ ಪಕ್ಕದ ಓಗ್ಲ್ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸಾಕಷ್ಟು ಜನ ಸೇರದಿದ್ದರೆ, ಮೋಡ ಕವಿದಿದ್ದರೆ ಹಾರಾಟ ರದ್ದು. ಅದಕ್ಕೇ ಒಂದು ದಿನ ಕೈಯಲ್ಲಿ ಉಳಿಸಿಕೊಳ್ಳಿ ಎನ್ನುವುದು. ಕೈಟೂರ್‌ನ ಎತ್ತರ 226 ಮೀಟರ್. ಜೋಗದ ರಾಜಾ 253 ಮೀಟರ್. ಹಾಗಾಗಿ ಎತ್ತರದ ಹೆಮ್ಮೆ ನಿಮ್ಮದೇ ಇರಲಿ. ಆದರೆ ಪೊಟಾರೊ ನದಿಗೆ ಮೇಲೆಲ್ಲೂ ಅಣೆಕಟ್ಟಿಲ್ಲ. ಸುಮಾರು ನೂರು ಮೀಟರ್ ಅಗಲದ ಕಂದುಬಣ್ಣದ ಹೊಳೆ ಇಡಿಯಾಗಿ, ವರ್ಷವಿಡೀ, ಒಂದೇ ನೆಗೆತಕ್ಕೆ ಬೀಳುತ್ತದೆ. ಲಿಂಗನಮಕ್ಕಿಗೆ ಮೊದಲಿನ ಜೋಗ ಹೇಗಿತ್ತು ಎಂದು ಹಿರಿಯರ ಬಾಯಲ್ಲಿ ಕೇಳಿದ್ದೀರಲ್ಲ, ಅದರ ಒಂದು ಅಂದಾಜು ಸಿಗುತ್ತದೆ. ಕಟಕಟೆ ಇಲ್ಲ, ಅಂಚಿಗೆ ಹೋಗಬೇಡಿ. ನೀರಿನ ಪರದೆಯ ಹಿಂದಿನ ಬಂಡೆಯಲ್ಲಿ ಬಾನಾಡಿ ಹಕ್ಕಿಗಳು ಸಾವಿರಗಟ್ಟಲೆ ನೆಲೆಸಿವೆ. ಮುಸ್ಸಂಜೆ ಹಿಂಡಾಗಿ ಇಳಿಯುತ್ತವೆ, ಆದರೆ ಹಗಲಿನ ವಿಮಾನದವರಿಗೆ ಅದು ಸಿಗದು. ನಿಮಗೆ ಸಿಗುವುದು ಅನಾನಸ್ ಬಳಗದ, ಆಳೆತ್ತರದ ಬ್ರೊಮೀಲಿಯಡ್ ಗಿಡಗಳು. ಅವುಗಳ ಎಲೆಬುಡದಲ್ಲಿ ನಿಂತ ನೀರಿನಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಹೊನ್ನಿನ ಬಣ್ಣದ ಕಪ್ಪೆ ತನ್ನ ಇಡೀ ಬದುಕು ಕಳೆಯುತ್ತದೆ. ಮಾರ್ಗದರ್ಶಿ ತೋರಿಸುತ್ತಾನೆ, ಕನ್ನಡಕ ಮರೆಯಬೇಡಿ.

ಕೊನೆಯ ಐದು ದಿನ ರುಪುನುನಿ ಹುಲ್ಲುಗಾವಲಿಗೆ. ಜಾರ್ಜ್‌ಟೌನ್‌ನಿಂದ ಅಲ್ಲಿನ ಲೆಥೆಮ್ ಪಟ್ಟಣದವರೆಗೆ ಮಿನಿಬಸ್ ಇದೆ, ಬಹುಪಾಲು ಕೆಮ್ಮಣ್ಣಿನ ರಸ್ತೆ, ರಾತ್ರಿಯಿಡೀ ಪ್ರಯಾಣ. ನಿಮ್ಮ ವಯಸ್ಸಿಗೆ ಬೇಡ, ವಿಮಾನ ಹತ್ತಿ. ಮೂಲನಿವಾಸಿ ಮಕುಶಿ ಜನರ ಸುರಾಮಾ ಹಳ್ಳಿ ತನ್ನ ವಸತಿಯನ್ನು ತಾನೇ ನಡೆಸುತ್ತದೆ. ಹತ್ತಿರದಲ್ಲೇ ಇವೊಕ್ರಾಮಾ ಕಾಡು, ಅಲ್ಲಿ ಮರದ ತುದಿಗಳ ನಡುವೆ ನೆಲದಿಂದ 30 ಮೀಟರ್ ಮೇಲೆ ತೂಗುಸೇತುವೆ ಕಟ್ಟಿದ್ದಾರೆ. ನೀವು ಹೋಗಿ ಬನ್ನಿ, ಯಜಮಾನರು ಕೆಳಗೆ ಕುಳಿತಿರಲಿ. ದೈತ್ಯ ನೀರುನಾಯಿ, ಕಪ್ಪು ಕೇಮನ್ ಮೊಸಳೆ, ಬೆಳ್ಳಂಬೆಳಗ್ಗೆ ಹುಲ್ಲುಗಾವಲಿನಲ್ಲಿ ದೈತ್ಯ ಇರುವೆಬಾಕ: ಪ್ರಾಣಿ ಕಾಣುವ ಆಸೆ ತೀರುವುದಾದರೆ ಇಲ್ಲಿಯೇ.

ಆದರೆ ಮಕುಶಿ ಹಳ್ಳಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮರಗೆಣಸಿನ ಮನೆ. ಅವರು ಬೆಳೆಯುವುದು ಕಹಿ ಜಾತಿ. ಹಸಿಯಾಗಿ ತಿಂದರೆ ಸಯನೈಡ್ ವಿಷ. ಗೆಡ್ಡೆ ತುರಿದು ‘ಮಟಪಿ’ ಎಂಬ ಉದ್ದನೆಯ ಹೆಣಿಗೆಯ ಕೊಳವೆಗೆ ತುಂಬಿ ತೊಲೆಗೆ ನೇತುಹಾಕುತ್ತಾರೆ. ಕೆಳತುದಿಗೆ ಕೋಲು ಸಿಕ್ಕಿಸಿ ಅದರ ಮೇಲೆ ಕುಳಿತರೆ ಹೆಣಿಗೆ ಉದ್ದಕ್ಕೆ ಎಳೆದುಕೊಂಡು ಸಪೂರವಾಗಿ, ವಿಷದ ರಸವೆಲ್ಲ ಹಿಂಡಿ ಇಳಿಯುತ್ತದೆ. ಉಳಿದ ಹಿಟ್ಟು ಜರಡಿಗೆ ಹಿಡಿದು, ಹಂಚಿನ ಮೇಲೆ ಹರಡಿ ರೊಟ್ಟಿ. ರಸವನ್ನೂ ಚೆಲ್ಲುವುದಿಲ್ಲ: ಗಂಟೆಗಟ್ಟಲೆ ಕುದಿಸಿ ವಿಷ ಕಳೆದರೆ ಅದು ಕಪ್ಪಗೆ, ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ, ಅಡುಗೆ ಹಳಸದಂತೆ ಕಾಯುತ್ತದೆ. ಇದನ್ನು ಮೊದಲ ಬಾರಿ ಮಾಡಿ ನೋಡಿದವರು ಎಷ್ಟು ಜನ ಸತ್ತಿರಬೇಕು ಎಂದು ಯೋಚಿಸಿದ್ದೇನೆ. ಅಲ್ಲಿನ ಹೆಂಗಸರು ಕೋಲಿನ ಮೇಲೆ ನಿಮ್ಮನ್ನೂ ಕೂರಿಸುತ್ತಾರೆ, ನಿಮ್ಮ ತೂಕದ ಬಗ್ಗೆ ನಗುತ್ತಾರೆ.

ಕಾಲ ಯಾವುದು? ಸೆಪ್ಟೆಂಬರ್‌ನಿಂದ ನವೆಂಬರ್, ಎರಡೂ ದೇಶಗಳ ಒಳನಾಡಿಗೆ ಒಣ ಹವೆ. ನವೆಂಬರ್ ಹೊತ್ತಿಗೆ ಹೊಳೆ ಇಳಿದು ದೋಣಿಯನ್ನು ಬಂಡೆಗಳ ಮೇಲೆ ಎಳೆಯಬೇಕಾದೀತು, ಆದ್ದರಿಂದ ಮೊದಲೇ ಹೋಗುವುದು ಮೇಲು. ದೀಪಾವಳಿ ಆ ದಿನಗಳಲ್ಲಿ ಬಿದ್ದರೆ ಜಾರ್ಜ್‌ಟೌನ್‌ನಲ್ಲಿ ಸಾಲುದೀಪ ಹೊತ್ತ ವಾಹನಗಳ ಮೆರವಣಿಗೆ ಸಿಗುತ್ತದೆ. ಸುರಿನಾಮ್‌ನ ಗಲಿಬಿ ಕಡಲತೀರದಲ್ಲಿ ಮೊಟ್ಟೆಯಿಡಲು ಬರುವ ದೈತ್ಯ ಕಡಲಾಮೆಗಳ ಕಾಲ ಮಾತ್ರ ಅದಲ್ಲ, ಅವು ವರ್ಷದ ಮೊದಲರ್ಧದಲ್ಲಿ ಬರುತ್ತವೆ. ಎರಡನ್ನೂ ಹಿಡಿಯಲು ಹೋಗಬೇಡಿ.

ಟಿಕೆಟ್ ಕೊಳ್ಳುವ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ, ಬಹಳ ಜನ ಮರೆಯುವುದು ಇದನ್ನೇ. ಎರಡೂ ದೇಶಗಳು ಹಳದಿ ಜ್ವರದ ಸೀಮೆಯಲ್ಲಿವೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ನೇರ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಲ್ಲಿಯೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಪಡೆದ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿನಲ್ಲಿದೆ. ಆದರೆ ಮುಖ್ಯ ಮಾತು ಇದು: ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಅಪಾಯ ಕಿರಿಯರಿಗಿಂತ ಹೆಚ್ಚು. ಇಬ್ಬರೂ ಅರವತ್ತು ದಾಟಿದ್ದೀರಿ. ನಿಮ್ಮ ಕಾಯಿಲೆ, ಔಷಧಗಳ ಪಟ್ಟಿ ಹಿಡಿದು ವೈದ್ಯರೊಂದಿಗೆ ಕುಳಿತು ತೀರ್ಮಾನಿಸಿ. ಅವರು ಬೇಡ ಎಂದರೆ ಈ ಪ್ರವಾಸ ಬೇಡ. ಮಡಗಾಸ್ಕರ್ ಬಗ್ಗೆ ಮತ್ತೆ ಬರೆಯಿರಿ, ರಸ್ತೆ ಕಡಿಮೆ ಇರುವ ದಾರಿ ಹುಡುಕೋಣ. ಮಲೇರಿಯಾದ ವಿಷಯದಲ್ಲಿ ಸುರಿನಾಮ್ 2025ರಲ್ಲಿ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಘೋಷಿತವಾಯಿತು. ಗಯಾನಾದ ಒಳನಾಡಿನಲ್ಲಿ ಅದು ಇದೆ, ಮಾತ್ರೆಯ ಬಗ್ಗೆಯೂ ಅದೇ ವೈದ್ಯರನ್ನು ಕೇಳಿ.

ದಾರಿ: ಬೆಂಗಳೂರಿನಿಂದ ಆಮ್‌ಸ್ಟರ್‌ಡಾಮ್, ಅಲ್ಲಿಂದ ಸುಮಾರು ಒಂಬತ್ತು ಗಂಟೆ ಪಾರಮಾರಿಬೊ. ಮರಳುವಾಗ ಜಾರ್ಜ್‌ಟೌನ್‌ನಿಂದ ಪಾರಮಾರಿಬೊಗೆ ಚಿಕ್ಕ ಹಾರಾಟ ಹಿಡಿದು ಅದೇ ದಾರಿಯಲ್ಲಿ ಬನ್ನಿ. ಜಾರ್ಜ್‌ಟೌನ್‌ನಿಂದ ಅಮೆರಿಕದ ಮೂಲಕ ಅಗ್ಗದ ಟಿಕೆಟ್ ತೋರಿಸುತ್ತಾರೆ. ಅಲ್ಲಿ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಎರಡೂ ದೇಶಗಳ ಪ್ರವೇಶ ನಿಯಮ ಆಗಾಗ ಬದಲಾಗುವುದರಿಂದ ದೆಹಲಿಯ ಅವರ ಕಚೇರಿಗಳಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಖರ್ಚು ಥಾಯ್ಲೆಂಡಿನ ಲೆಕ್ಕದಲ್ಲಿ ನಡೆಯುವುದಿಲ್ಲ. ಜನ ಹೋಗದ ದೇಶ ಎಂದರೆ ಅಗ್ಗದ ದೇಶವಲ್ಲ: ದೋಣಿಯ ಪೆಟ್ರೋಲು, ವಿಮಾನದ ಖಾಲಿ ಸೀಟು ಎಲ್ಲದರ ಖರ್ಚೂ ಬಂದ ನಾಲ್ಕೇ ಜನರ ಮೇಲೆ ಬೀಳುತ್ತದೆ. ಒಳನಾಡಿನಲ್ಲಿ ಕಾರ್ಡ್ ನಡೆಯದು, ನಗದು ಇರಲಿ.

ಕೊನೆಗೆ ಉಡುಗೊರೆ. ಮಕ್ಕಳಿಗೆ ಚಾಕೊಲೇಟ್, ಪೆನ್ನು ಹಂಚುವುದು ಬೇಡ. ಅದು ಅವರಿಗೆ ಕೈಯೊಡ್ಡುವುದನ್ನು ಕಲಿಸುತ್ತದೆ. ಬೀಜ, ಸಸಿ, ಉಪ್ಪಿನಕಾಯಿ ಗಡಿಯಲ್ಲೇ ಹೋಗುತ್ತವೆ. ಬದಲಿಗೆ ಒಂದಿಷ್ಟು ಫೋಟೊ ಮುದ್ರಿಸಿಕೊಂಡು ಹೋಗಿ. ನಿಮ್ಮ ಮನೆ, ಅಂಗಳ, ಅಡಿಕೆ ತೋಟ, ತುಂಬಿದ ಜೋಗ. ಜೊತೆಗೆ ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಮೇಲೇಳುವ ಮಡೆನೂರು ಅಣೆಕಟ್ಟು ಮತ್ತು ಒಣಬೊಡ್ಡೆಗಳ ಒಂದು ಚಿತ್ರ. ಸರಮಾಕಾ ಹಳ್ಳಿಯಲ್ಲಿ ಸಂಜೆ ಯಾರಾದರೂ ಮುದುಕರು ‘ನಿಮ್ಮ ಊರು ಯಾವುದು’ ಎಂದು ಕೇಳಿಯೇ ಕೇಳುತ್ತಾರೆ. ಆ ಕೊನೆಯ ಚಿತ್ರವನ್ನು ಮೊದಲು ಕೊಡಿ.